ಮರಳಿ ವಿದ್ಯಾಶಾಲೆಗೆ

ಕನ್ನಡಿಗನಿಗೆ ವರಾಹವೆಂದರೆ ಅವತಾರ, ವರಾಹವೆಂದರೆ ಹೊನ್ನು. ಹಂದಿಯೆಂದರೆ ಮಾತ್ರ ಬೈಗುಳು. ಅಮೆರಿಕಾದ ಅಯೋವ, ನೆಬ್ರಾಸ್ಕ ಮೊದಲಾದ ಸಂಸ್ಥಾನಗಳ ಬೇಸಾಯಗಾರನಿಗಾದರೋ ಹಂದಿಯೇ ಹೊನ್ನು. ಆದುದರಿಂದಲೇ ಅದರ ಚಿಕಿತ್ಸೆಯು ಅಲ್ಲಿ ಪ್ರತ್ಯೇಕವಾದೊಂದು ಶಾಸ್ತ್ರವಾಗಿ ಬೆಳೆದಿದೆ. ಅದನ್ನು ವೃತ್ತಿಯಾಗಿ ಉಳ್ಳ ಪಶುವೈದ್ಯರ ಸಂಘವೊಂದು 1969ರಲ್ಲಿ ಸ್ಥಾಪಿತವಾಯಿತು. ಆ ಸಂಘದ ಪ್ರತಿಷ್ಠಾನವು 2008ರಲ್ಲಿ ಏರ್ಪಡಿಸಿದ ವಿದ್ಯಾರ್ಥಿವೇತನವೊಂದು ವಾಚಕರು ಮನಗಾಣತಕ್ಕುದಾಗಿದೆ.

ವಿದ್ಯಾರ್ಥಿವೇತನವು ಎಳೆಯರಿಗೆ ಸಲ್ಲತಕ್ಕದ್ದೆಂದು ಲೋಕರೂಢಿ. ಈ ವೇತನವಾದರೋ ಐದು ವರ್ಷಗಳಿಗೆ ಕಡಮೆಯಿಲ್ಲದೆ ಹಂದಿಗಳ ಚಿಕಿತ್ಸೆಯಲ್ಲಿ ಕೈಪಳಗಿದ ವೈದ್ಯನಿಗಾಗಿ ಮೀಸಲಾದುದು. ಅಂಥವನು ಹಂದಿಯ ಆರೋಗ್ಯ ಮತ್ತು ಸಾಕಣೆಗೆ ಸಂಬಂಧಪಟ್ಟ ವಿಷಯವನ್ನು ಆರಿಸಿಕೊಂಡು ಸ್ನಾತಕೋತ್ತರ ಪದವಿಗಾಗಿ ವಿದ್ಯಾಶಾಲೆಗೆ ಮರಳುವುದಾದರೆ ಅವನಿಗೆ 10,000 ಡಾಲರುಗಳ ನೆರವನ್ನು ಗೊತ್ತುಮಾಡಲಾಯಿತು. ವೇತನಕ್ಕೆ ಡಾಕ್ಟರ್ ಅಲೆಕ್ಸ್ ಹಾಗ್ ಅವರ ಹೆಸರನ್ನಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಆ ಮನೆತನದ ಹೆಸರು ಹಂದಿಯ ಹೆಸರಿನಂತೆಯೇ ಕೇಳಿಸುವುದು ಕಾಕತಾಳೀಯ. ಅವರ ಬಾಳೇ ಈ ಗೌರವಕ್ಕೆ ಕಾರಣ. ಇಪ್ಪತ್ತು ವರ್ಷಗಳ ಕಾಲ ನಾನಾ ಬಗೆಯ ಪ್ರಾಣಿಗಳಿಗೆ ಚಿಕಿತ್ಸೆ ನಡೆಸಿದ ಬಳಿಕ ಅವರು ಮತ್ತೆ ವಿದ್ಯಾರ್ಥಿಯಾಗಿ ಪಶುರೋಗಶಾಸ್ತ್ರದಲ್ಲಿ ಪದವಿಯನ್ನು ಪಡೆದರು. ಅನಂತರ ನೆಬ್ರಾಸ್ಕ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ, ಹಂದಿ ಸಾಕುವ ರೈತರಿಗೆ ತಿಳಿವಳಿಕೆ ನೀಡುವ ವೈದ್ಯರಾಗಿ ದುಡಿದರು.

ಪಳಗಿದವನು ಪುನಃ ವಿದ್ಯಾರ್ಥಿಯಾಗುವುದು ಸುಲಭವಲ್ಲ. ವರಮಾನವು ನಿಲ್ಲುವುದು, ಮನೆವಾರ್ತೆಯ ಖರ್ಚು ನಿಲ್ಲದು. ನಿನ್ನೆಯವರೆಗೆ ಅವನ ಮಾತಿಗಾಗಿ ಕಾದಿದ್ದ ರೈತರು ಬೇರೊಬ್ಬನನ್ನು ಹುಡುಕಿಕೊಳ್ಳುವರು. ತನಗಿಂತ ಕಿರಿಯರ ಮುಂದೆ ಅವನು ಪರೀಕ್ಷೆಗೆ ಕೂಡಬೇಕಾದೀತು. 10,000 ಡಾಲರು ಈ ನಷ್ಟವನ್ನೆಲ್ಲ ತುಂಬಲಾರದು. ಆದರೂ ಸಹವೃತ್ತಿಯವರು ಬೆನ್ನಿಗಿದ್ದಾರೆಂಬ ಧೈರ್ಯವು ಸಣ್ಣದಲ್ಲ.

ಇದರ ಅಗತ್ಯವೇನೆಂಬುದಕ್ಕೆ ಒಂದು ನಿದರ್ಶನವು ಸಾಕು. 1987ರ ಸುಮಾರಿಗೆ ಅಮೆರಿಕಾದ ಕೊಟ್ಟಿಗೆಗಳಲ್ಲಿ ಹಿಂದೆ ಕಾಣದ ಬೇನೆಯೊಂದು ತಲೆದೋರಿತು. ಗಬ್ಬದ ಹಂದಿಗಳು ಕಂದುಹಾಕಿದವು. ಮರಿಗಳು ಉಸಿರಾಡಲಾರದೆ ಸತ್ತವು. ಕಾರಣ ತಿಳಿಯದ ಜನರು ಅದನ್ನು ರಹಸ್ಯರೋಗವೆಂದೇ ಕರೆದರು. ಯೂರೋಪಿನಲ್ಲಿಯೂ ಅಂಥದೇ ಬೇನೆ ಹಬ್ಬಿತು; 1991ರಲ್ಲಿ ಹಾಲೆಂಡಿನ ಲೆಲಿಸ್ಟಾಡಿನ ಸಂಶೋಧಕರು ಅದಕ್ಕೆ ಮೂಲವಾದ ವೈರಸ್ಸನ್ನು ಹಿಡಿದರು. ಕೊಟ್ಟಿಗೆಯ ವೈದ್ಯನು ರೋಗವನ್ನು ಮೊದಲು ಕಂಡನು, ಪ್ರಯೋಗಶಾಲೆಯ ಪಂಡಿತನು ಕಾರಣವನ್ನು ಕಂಡನು. ಇವರಿಬ್ಬರ ನಡುವೆ ಕಳೆದ ಕಾಲವೆಲ್ಲವೂ ರೈತನ ಪಾಲಿಗೆ ನಷ್ಟವಾಯಿತು. ಎರಡು ದೃಷ್ಟಿಗಳೂ ಒಬ್ಬನಲ್ಲಿ ಕೂಡಿದರೆ ಆ ಅಂತರವು ಕಿರಿದಾಗುವುದು. ಕೆಸರಿನಲ್ಲಿ ನಿಂತು ಉತ್ತರ ಕಾಣದೆ ಹಿಂದಿರುಗಿದವನು ವಿದ್ಯಾಶಾಲೆಗೆ ಒಯ್ಯುವ ಪ್ರಶ್ನೆಯು ಪುಸ್ತಕದಲ್ಲಿ ಹುಟ್ಟಿದುದಲ್ಲ.

ಬೇನೆಗಳಾದರೋ ಕಾಯುತ್ತ ಕೂಡುವುದಿಲ್ಲ. 1921ರಲ್ಲಿ ಕೀನ್ಯದಿಂದ ಮೊದಲು ವರದಿಯಾದ ಆಫ್ರಿಕಾದ ಹಂದಿಜ್ವರವು 2018ರಲ್ಲಿ ಚೀನಾವನ್ನೂ 2020ರಲ್ಲಿ ಅಸ್ಸಾಮನ್ನೂ ಹೊಕ್ಕಿತು. ಹೊಸ ರೋಗವನ್ನು ಮೊದಲು ಕಾಣುವವನಿಗೆ ಓದುವ ಅವಕಾಶವನ್ನು ಒದಗಿಸುವುದು ಬಿತ್ತನೆಗೆ ಕಾಳನ್ನು ತೆಗೆದಿಡುವಂತೆ. ಫಲವು ತಡವಾಗಿ ಬರುವುದಾದರೂ ತೆಗೆದಿಡದ ಮನೆಗೆ ಅದು ಬರುವುದೇ ಇಲ್ಲ.