ಸಣ್ಣ ಜಗಳ ಯಾರಿಗೆ ಸಣ್ಣದು?

ಚಂದ್ರಗುತ್ತಿಯ ಗುಡ್ಡದ ಸುತ್ತ ಗದ್ದೆಗೆ ಗದ್ದೆ, ತೋಟಕ್ಕೆ ತೋಟ ತಾಗಿಕೊಂಡೇ ಇವೆ. ತಾಗಿಕೊಂಡಲ್ಲಿ ಜಗಳವೂ ಹುಟ್ಟುತ್ತದೆ. ಬದುವನ್ನು ಒಂದು ಗೇಣು ಒಳಗೆ ಕಡಿದುಕೊಂಡರೆಂದು, ಮೇಲಿನ ಗದ್ದೆಯವರು ನೀರು ಬಿಡಲಿಲ್ಲವೆಂದು, ಬೇಲಿ ಹಾರಿದ ದನ ಸಸಿಮಡಿಗೆ ಬಾಯಿ ಹಾಕಿತೆಂದು ಮಾತಿಗೆ ಮಾತು ಬೆಳೆಯುತ್ತದೆ. ಮೂರು ತಲೆಮಾರಿನ ಹಳೆಯ ಲೆಕ್ಕವೆಲ್ಲ ಅಂಗಳಕ್ಕೆ ಬರುತ್ತದೆ.

ಹಿಂದೆ ಇಂಥ ಜಗಳಗಳು ನಾಟಿಯ ತನಕ ಉಳಿದರೆ ಹೆಚ್ಚು. ಮುಯ್ಯಾಳಿಗೆ ಅದೇ ಮನೆಯವರನ್ನು ಕರೆಯಬೇಕಿತ್ತು. ಒಂದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ಮಾತು ಬಿಟ್ಟು ಎಷ್ಟು ದಿನ ಇದ್ದಾರು? ಈಗ ಟ್ರ್ಯಾಕ್ಟರು, ನಾಟಿ ಯಂತ್ರ ಬಾಡಿಗೆಗೆ ಸಿಗುತ್ತವೆ. ನೆರೆಯವರ ಹಂಗು ತಪ್ಪಿತು, ರಾಜಿಯ ದಾರಿಯೂ ಕಿರಿದಾಯಿತು. ಗೇಣು ನೆಲದ ತಕರಾರು ಸರ್ವೆಗೆ, ಅಲ್ಲಿಂದ ಕೋರ್ಟಿಗೆ ಹೋಗುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಹಾಗೆಂದು ಎಲ್ಲ ಜಗಳವನ್ನೂ ಕ್ಷುಲ್ಲಕವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಕರಾರು ತೆಗೆದದ್ದು ಭತ್ತ ಅಳೆಯುವ ಕೊಳಗದ ಬಗ್ಗೆ. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ದೊಡ್ಡದಿತ್ತು. ದೂರದವರ ಕಣ್ಣಿಗೆ ಅದು ಹಿಡಿ ಭತ್ತದ ಕಿತ್ತಾಟ. ಗೇಯ್ದವನಿಗೆ ಅದು ಮಕ್ಕಳ ಗಂಜಿ. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದ ಪ್ರಶ್ನೆ ನೆಲ ಯಾರದು ಎಂಬ ಪ್ರಶ್ನೆಯಾಗಿ ಬೆಳೆಯಿತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾಗುವ ದಾರಿ ತೆರೆಯಿತು.

ಆದ್ದರಿಂದ ಜಗಳ ಸಣ್ಣದೋ ದೊಡ್ಡದೋ ಎಂದು ಹೇಳುವ ಮೊದಲು ಅದರಲ್ಲಿ ಯಾರು ಏನು ಕಳೆದುಕೊಳ್ಳುತ್ತಾರೆ ಎಂದು ನೋಡಬೇಕು. ಇಬ್ಬರ ಹಟವಷ್ಟೇ ಇದ್ದರೆ ಊರಲ್ಲೇ ಮುಗಿಯಲಿ. ಕೋರ್ಟಿಗೆ ಹೋದದ್ದಾದರೂ ಲೋಕ ಅದಾಲತ್ತಿಗೆ ಬರಲಿ: 1987ರ ಕಾನೂನಿನಂತೆ ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ಸು ಸಿಗುತ್ತದೆ.

ಆದರೆ “ಹೋಗಲಿ ಬಿಡಪ್ಪ, ಹೊಂದಿಕೊಂಡು ಹೋಗು” ಎಂಬ ಬುದ್ಧಿಮಾತು ಹೆಚ್ಚಾಗಿ ಕೈಲಾಗದವನ ಪಾಲಿಗೇ ಬರುತ್ತದೆ. ರಾಜಿ ಮಾಡಿಸಲು ಕೂರುವ ಹಿರಿಯರಲ್ಲಿ ನನ್ನದೊಂದೇ ಬೇಡಿಕೆ: ಮೊದಲು ಬದು ಅಳೆಯಿರಿ, ಹೊಂದಾಣಿಕೆಯ ಮಾತು ಆಮೇಲೆ ಆಡಿ.