ಪೇಟಿಯ ಉಸಿರು

ಪಿಯಾನೋ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಹಳೆಯ ಹಿಂದಿ ಸಿನಿಮಾಗಳು ನೆನಪಾಗುತ್ತವೆ. 1949ರ ‘ಅಂದಾಜ್’ನಲ್ಲಿ ದಿಲೀಪ್ ಕುಮಾರ್ ಪಿಯಾನೋದ ಮುಂದೆ ಕುಳಿತು, ಮಾತಿನಲ್ಲಿ ಹೇಳಲಾಗದ್ದನ್ನು ಹಾಡಿಗೆ ಒಪ್ಪಿಸುತ್ತಾರೆ. ಆದರೆ ಅಂಥ ಪಿಯಾನೋ ಇಡಲು ಬಂಗಲೆಯೇ ಬೇಕು. ಗದಗ, ಹುಬ್ಬಳ್ಳಿ ಕಡೆಯ ನಮ್ಮಂಥವರ ಮನೆಗಳಿಗೆ ಅದೇ ಕಪ್ಪು ಬಿಳಿ ಪಟ್ಟಿಗಳು ಬಂದದ್ದು ಹಾರ್ಮೋನಿಯಂ ರೂಪದಲ್ಲಿ. ನಮ್ಮ ಭಾಗದಲ್ಲಿ ಅದಕ್ಕೆ ಪೇಟಿ ಎನ್ನುತ್ತಾರೆ.

ಅದೂ ಪರದೇಶದ್ದೇ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದದ್ದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತುಳಿದು ನುಡಿಸುವ ವಾದ್ಯಕ್ಕೆ. ಕಲಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದರ ತಿದಿಯನ್ನು ಹಿಂಬದಿಗೆ ತಂದು, ಕೈಯಿಂದಲೇ ಗಾಳಿ ಹಾಕುವಂತೆ ಮಾಡಿದರು. ಕುರ್ಚಿಯಿಂದ ಚಾಪೆಗೆ ಇಳಿದ ಮೇಲೆ ಅದು ಎಲ್ಲರದಾಯಿತು. ಭಜನೆಗೂ ಕವ್ವಾಲಿಗೂ ಕಂಪನಿ ನಾಟಕಕ್ಕೂ ಅದೇ ಆಸರೆ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರ (1917-2010) ಕೈಯಲ್ಲಿ ಅದು ಬರೀ ಸಾಥಿಗೆ ಕೂರುವ ವಾದ್ಯವಾಗಿ ಉಳಿಯಲಿಲ್ಲ.

ಆದರೂ ಪೇಟಿಗೆ ಅವಮಾನ ತಪ್ಪಲಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. 1971ರಲ್ಲಿ ಆ ನಿಷೇಧ ಭಾಗಶಃ ಸಡಿಲಾಗುವವರೆಗೆ ಮೂವತ್ತು ವರ್ಷ ಕಳೆದಿದ್ದವು. ಆಪಾದನೆ ಇಷ್ಟೇ: ಇದರ ಸ್ವರಗಳು ಮೊದಲೇ ನಿಗದಿಯಾದವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಇದಕ್ಕೆ ಬಾರದು. ಮಾತು ಸುಳ್ಳಲ್ಲ. ಗಾಯಕನ ಕಂಠವೋ ಸಾರಂಗಿಯೋ ಎರಡು ಸ್ವರಗಳ ನಡುವೆ ಹೋಗಿ ಬರುವ ದಾರಿ ಪೇಟಿಗೆ ಇಲ್ಲ.

ನಮ್ಮ ಮನೆಯ ಪೇಟಿ, ಬಾಗಿಲು ಮುಚ್ಚಿದ ನಾಟಕ ಕಂಪನಿಯೊಂದರ ಸಾಮಾನುಗಳ ಜೊತೆ ಮಾರಾಟಕ್ಕೆ ಬಂದದ್ದು. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಬ್ಬಾ ಅದನ್ನು ಕಂತಿನಲ್ಲಿ ಕೊಂಡರು. ಇಶಾ ನಮಾಜಿನ ನಂತರ ಅರ್ಧ ಗಂಟೆ ನುಡಿಸುತ್ತಿದ್ದರು. ನನಗೆ ಬೆರಳಿಡುವುದನ್ನು ಕಲಿಸಿದ್ದೂ ಅವರೇ. ಅಮ್ಮಿಗೆ ಇದು ಸೇರುತ್ತಿರಲಿಲ್ಲ. ಅವರ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ವಾದ್ಯಸಂಗೀತದ ಬಗ್ಗೆ ಉಲಮಾಗಳ ನಡುವಿನ ಭಿನ್ನಾಭಿಪ್ರಾಯ ಶತಮಾನಗಳಷ್ಟು ಹಳೆಯದು. ಒಪ್ಪದವರು ಅನೇಕ. ಚಿಶ್ತಿ ಸೂಫಿಗಳು ‘ಸಮಾ’ವನ್ನು ಷರತ್ತುಗಳೊಂದಿಗೆ ಒಪ್ಪಿದರು. 1422ರಲ್ಲಿ ಕಲಬುರಗಿಯಲ್ಲಿ ಕಣ್ಮುಚ್ಚಿದ ಖ್ವಾಜಾ ಬಂದೇನವಾಜರು ಅದೇ ಪರಂಪರೆಯವರು. ಇದರಲ್ಲಿ ತೀರ್ಪು ಹೇಳುವ ಯೋಗ್ಯತೆ ನನ್ನದಲ್ಲ. ಒಂದು ಮನೆಯೊಳಗೆ ನಡೆದದ್ದನ್ನಷ್ಟೇ ಹೇಳಬಲ್ಲೆ.

2021ರ ಮೇ ತಿಂಗಳಲ್ಲಿ ಅಬ್ಬಾ ತೀರಿಕೊಂಡರು. ಕೊರೋನಾದ ಎರಡನೆಯ ಅಲೆಯ ದಿನಗಳು. ಜನಾಜಾಕ್ಕೆ ಬೆರಳೆಣಿಕೆಯ ಜನ. ನಮ್ಮಲ್ಲಿ ಸಾವಾದ ಮನೆಗೆ ಜನ ಬರುತ್ತಾರೆ, ಸತ್ತವರ ಮಾತು ಆಡುತ್ತಾರೆ, ಕೇಳಿದವರಿಗೆಲ್ಲ ಕೊನೆಯ ಗಳಿಗೆಯನ್ನು ಮತ್ತೆ ಮತ್ತೆ ಹೇಳುತ್ತಾ ದುಃಖ ಸ್ವಲ್ಪ ಕರಗುತ್ತದೆ. ನಮಗೆ ಆ ಕೇಳುವವರೇ ಇರಲಿಲ್ಲ. ಕತೆ ಬರೆಯುವವಳಾದ ನಾನು ಪೆನ್ನು ಹಿಡಿದು ಕುಳಿತರೆ ಅಳು ಉರ್ದುವಿನಲ್ಲಿ ಬರುತ್ತಿತ್ತು, ವಾಕ್ಯ ಕನ್ನಡದಲ್ಲಿ ಹುಟ್ಟಬೇಕಿತ್ತು. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ನಡುವೆ ಕೈ ಹಾಗೇ ನಿಂತುಬಿಡುತ್ತಿತ್ತು.

ಅಮ್ಮಿಯ ಇದ್ದತ್ ಮುಗಿದ ಮೇಲೆ ಪೇಟಿಯನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಭಾಯಿಜಾನ್ ಹೇಳಿದರು. ಅಮ್ಮಿ ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. “ನಾನು ತಸ್ಬೀಹ್ ಓದೋ ಹೊತ್ತಲ್ಲಿ ಮಾತ್ರ ಮುಟ್ಟಬೇಡ” ಎಂದು ನನಗೆ ಹೇಳಿ ಒಳಗೆ ಹೋದರು. ಆ ರಾತ್ರಿಯಿಂದ ನಾನು ನುಡಿಸತೊಡಗಿದೆ.

ಪೇಟಿ ಅಳುವವರಿಗೆ ಒಂದು ಶಿಸ್ತು ಕಲಿಸುತ್ತದೆ. ಬಲಗೈ ಏನೇ ಹೇಳಲು ಹೊರಟರೂ ಎಡಗೈ ಸಮನಾಗಿ ತಿದಿ ಒತ್ತುತ್ತಿರಬೇಕು. ಸಂಕಟ ತಾಳದೆ ಜೋರಾಗಿ ಒತ್ತಿದರೆ ಸ್ವರ ಕಿರುಚುತ್ತದೆ. ಸೋತು ಕೈಬಿಟ್ಟರೆ ನಡುವೆಯೇ ಸಾಯುತ್ತದೆ. ಕತೆಗೂ ಇದೇ ನಿಯಮವಲ್ಲವೇ? ಇನ್ನು ಜಾರಲಾಗದ ಆ ಕೊರತೆ! ಎರಡು ಸ್ವರಗಳ ನಡುವೆ ಪೇಟಿ ಬಿಟ್ಟ ಜಾಗವನ್ನು ಕೇಳುವವರ ಕಿವಿಯೇ ತುಂಬಿಕೊಳ್ಳುತ್ತದೆ. ಕತೆಗಾರರೂ ಒಂದು ಮಾತಿನ ಪಕ್ಕ ಇನ್ನೊಂದು ಮಾತು ಇಡುತ್ತಾರೆ, ಅಷ್ಟೇ. ನಡುವಿನ ದಾರಿಯನ್ನು ಓದುಗರು ನಡೆಯಬೇಕು.

ಒಂದು ರಾತ್ರಿ ಅಬ್ಬಾ ಸದಾ ನುಡಿಸುತ್ತಿದ್ದ ಧುನ್ ಒಂದನ್ನು ನೆನಪಿನಿಂದ ಹುಡುಕುತ್ತಿದ್ದೆ. ಎಲ್ಲೋ ತಪ್ಪುತ್ತಿತ್ತು. ಒಳಕೋಣೆಯ ಕತ್ತಲಿನಿಂದ ಅಮ್ಮಿಯ ದನಿ ಬಂತು: “ಅಲ್ಲಿ ಸ್ವಲ್ಪ ನಿಲ್ಲಿಸು. ನಿನ್ನ ಅಬ್ಬಾ ಅಲ್ಲಿ ನಿಲ್ಲಿಸ್ತಿದ್ದರು.”

ನಿಲ್ಲಿಸಿದೆ. ಧುನ್ ಸರಿಹೋಯಿತು. ಇಷ್ಟವಿಲ್ಲದ್ದನ್ನು ಮೂವತ್ತು ವರ್ಷ ಅಷ್ಟು ಗಮನವಿಟ್ಟು ಕೇಳಿದ್ದರಲ್ಲ! ಮರುದಿನ ನಾನು ಅವರನ್ನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಮ್ಮಿಯ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಮುಖಾಮುಖಿ ಕುಳಿತು ನಾವಿಬ್ಬರೂ ಆಡಲಾಗದೆ ಹೋದ ಅಬ್ಬಾರ ಮಾತು ಆ ಚಿಕ್ಕ ಮೌನದಲ್ಲಿ ಆಡಿದಂತಾಯಿತು. ಆ ವಾರ ನಾನು ಬರೆದ ಕತೆ ಕನ್ನಡದಲ್ಲಿತ್ತು.