ಮಗ್ಗದ ಮನೆಯಲ್ಲಿ ಒಂದು ಅಳತೆ

ಕಾಸರಗೋಡಿನಿಂದ ವರ್ಗವಾಗಿ ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಕಡೆಗೆ ಬಂದಾಗ ನನಗೆ ಧೈರ್ಯ ಕೊಟ್ಟವರು ಅಲ್ಲಿನ ದೇವಾಂಗ ನೇಕಾರರು. ಅವರ ಮನೆಮಾತು ಕನ್ನಡ. ತಮಿಳಿನ ಎಳೆ ಸೇರಿದ ಕನ್ನಡ.

ಒಂದು ದಿನ, ಪಾರ್ಶ್ವವಾಯು ಬಡಿದು ಮಲಗಿದ್ದ ಮುದುಕರೊಬ್ಬರ ಹೆಬ್ಬೆಟ್ಟಿನ ಗುರುತಿಗಾಗಿ ಅವರ ಮನೆಗೇ ಹೋಗಬೇಕಾಯಿತು. ಅದೇ ಹೊತ್ತಿಗೆ ಮಾತ್ರೆ ಹಿಡಿದು ಆರೋಗ್ಯ ಕಾರ್ಯಕರ್ತೆಯೂ ಬಂದರು. ತಮಿಳುನಾಡು ಸರಕಾರ 2021ರ ಆಗಸ್ಟ್ 5ರಂದು ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯವರು. (ಇಲ್ಲಿ ‘ಮಕ್ಕಳ್’ ಎಂದರೆ ಜನ. ನಾನು ಮೊದಲು ಶಿಶುವೈದ್ಯದ ಯೋಜನೆಯೆಂದೇ ತಿಳಿದಿದ್ದೆ!) ರಕ್ತದೊತ್ತಡ, ಸಕ್ಕರೆಗಳನ್ನು ಮನೆಬಾಗಿಲಲ್ಲೇ ನೋಡಿ, ಕಾಯಿಲೆಯಿದ್ದವರಿಗೆ ತಿಂಗಳ ಔಷಧ ತಲುಪಿಸುತ್ತಾರೆ.

ಮುದುಕರ ಹೆಂಡತಿ ಗುಂಡಿಮಗ್ಗದಿಂದ ಏಳಲೊಲ್ಲರು. “ನನಗೇನು ನೋವು? ಮೊದಲು ಬ್ಯಾಂಕ್ ಸಾರಿಗೆ ನೋಡು” ಎಂದರು. ನಗುತ್ತಾ ಕೈ ಚಾಚಿದೆ. ಐದು ನಿಮಿಷ ಸುಮ್ಮನೆ ಕೂರಿಸಿ ಅಳೆದರು: 162/104. ಮತ್ತೊಮ್ಮೆ ಅಳೆದರೂ ಹೆಚ್ಚುಕಡಿಮೆ ಅಷ್ಟೇ. 140/90 ದಾಟಬಾರದಂತೆ.

ನಮ್ಮಪ್ಪ ಐವತ್ತೆರಡರಲ್ಲಿ ಅಡಿಕೆ ತೋಟದಲ್ಲೇ ಎದೆ ಹಿಡಿದು ಕುಸಿದವರು. ಅವರಿಗೂ ನೋವಿರಲಿಲ್ಲ, ಅಳೆದವರೂ ಇರಲಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇರೆ ಬೇರೆ ದಿನ ನೋಡಿ ಮಾತ್ರೆ ಬರೆದುಕೊಟ್ಟರು. ಉಪ್ಪಿನಕಾಯಿ ಬಿಡುವುದೇ ಕಷ್ಟವಾಯಿತು. ನನ್ನದನ್ನು ನೋಡಿ ಅಜ್ಜಿಯೂ ಅಂದೇ ಕೈ ಕೊಟ್ಟಿದ್ದರು. ಈಗ ಕೌಂಟರಿಗೆ ಬಂದರೆ ಪಾಸ್‌ಬುಕ್ ಚಾಚುವ ಮೊದಲೇ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ಸಾರ್, ಇವತ್ತು ಮಾತ್ರೆ ನುಂಗಿದಿರಾ?” ಎನ್ನುತ್ತಾರೆ.